ಒಳಹೊಲಿಗೆ ನೋಡಿ ಮಾತಾಡೋಣ

ನಮ್ಮ ಗುಂಪಿನಲ್ಲಿ ಒಬ್ಬಳು ಆರ್ಕಿಟೆಕ್ಚರ್ ಹುಡುಗಿ ಇದ್ದಾಳೆ. ಅವಳ ಜೊತೆ ಬಟ್ಟೆ ಅಂಗಡಿಗೆ ಹೋಗುವುದೆಂದರೆ ನಮಗೆಲ್ಲ ಒಂದು ಶಿಕ್ಷೆ. ನಾವು ಬಣ್ಣ ನೋಡಿ, ರೇಟ್ ನೋಡಿ, ಕನ್ನಡಿ ಮುಂದೆ ಒಂದು ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಗೆ ಬಂದಿರುತ್ತೇವೆ. ಅವಳು ಮಾತ್ರ ಕುರ್ತಾವನ್ನು ಒಳಮಗ್ಗುಲಿಗೆ ತಿರುಗಿಸಿಕೊಂಡು ನಿಂತಿರುತ್ತಾಳೆ. ಹೊಲಿಗೆ ಒತ್ತಾಗಿದೆಯಾ, ಓವರ್‌ಲಾಕ್ ಮಾಡಿದ್ದಾರಾ, ಮುಂದೆ ಯಾವತ್ತಾದರೂ ಲೂಸ್ ಮಾಡಿಸಿಕೊಳ್ಳೋಕೆ ಪಕ್ಕದಲ್ಲಿ ಅರ್ಧ ಇಂಚು ಬಟ್ಟೆ ಬಿಟ್ಟಿದ್ದಾರಾ ಅಂತ ನೋಡುತ್ತಾಳೆ. ಎಲ್ಲ ನೋಡಿ, ಎಷ್ಟೋ ಸಲ ಏನೂ ಕೊಳ್ಳದೆ ಬರುತ್ತಾಳೆ. ಕೇಳಿದರೆ ಒಂದೇ ಉತ್ತರ: "ಒಳಗೆ ಬಟ್ಟೇನೇ ಬಿಟ್ಟಿಲ್ಲ ಕಣ್ರೋ. ಆರು ತಿಂಗಳಿಗೆ ಬಿಸಾಕೋ ಮಾಲು."

ಅವಳ ಸ್ಕೆಚ್ ಬುಕ್ ಕೂಡ ಹಾಗೆಯೇ. ಒಂದು ಪುಟದಲ್ಲಿ ಅಜ್ಜಿಯ ಹಳೇ ಸೀರೆಯಿಂದ ಹೊಲಿಸಬೇಕೆಂದಿರುವ ಜಾಕೆಟ್ಟು, ಎದುರು ಪುಟದಲ್ಲಿ ಊರಿನ ಯಾವುದೋ ಮನೆಯ ಬಾಗಿಲುವಾಡ. ಒಂದು ಕಡೆ ಸೆರಗಿನ ಅಂಚು, ಇನ್ನೊಂದು ಕಡೆ ಸೂರಿನ ಅಂಚು. ಕ್ಯಾಂಟೀನಿನಲ್ಲಿ ಕೂತು ನಾವು ಎಷ್ಟು ಸಲ ನಕ್ಕಿದ್ದೇವೋ ಲೆಕ್ಕವಿಲ್ಲ. "ಇಂಜಿನಿಯರಿಂಗ್ ಕಾಲೇಜಿಗೆ ಬಂದು ಟೈಲರಿಂಗ್ ಕ್ಲಾಸ್ ಮಾಡ್ತಿದ್ದೀಯಲ್ಲೇ" ಅಂತ. ಆ ನಗುವನ್ನು ವಾಪಸ್ ತಗೊಳ್ಳೋಕೆ ಈ ಲೇಖನ ಬರೆಯುತ್ತಿದ್ದೇವೆ.

ಯಾಕೆಂದರೆ ನಮ್ಮ ಕ್ಯಾಂಪಸ್ಸಿನಲ್ಲಿ 'ಸಸ್ಟೈನಬಲ್' ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಫೆಸ್ಟ್ ಬಂದರೆ ಅದೇ ಥೀಮು, ಪೋಸ್ಟರ್ ಸ್ಪರ್ಧೆಗೆ ಅದೇ ವಿಷಯ, ಇಂಟರ್ನ್‌ಶಿಪ್ ಅರ್ಜಿಯಲ್ಲಿ ಅದೇ ಪದ. ಆದರೆ ನಾವು ಅದನ್ನು ಒಂದು ನೋಟ ಮಾಡಿಟ್ಟಿದ್ದೇವೆ. ಮಣ್ಣಿನ ಬಣ್ಣದ ಲಿನನ್ ಅಂಗಿ, ಇಟ್ಟಿಗೆ ಕಾಣುವ ಗೋಡೆಯ ಕೆಫೆ, ಅಲ್ಲೊಂದು ರೀಲು. ನಮ್ಮ ಅಭಿಪ್ರಾಯ ಇಷ್ಟೇ: ಬಟ್ಟೆಯಾಗಲಿ ಮನೆಯಾಗಲಿ, ಅದು ಬಾಳಿಕೆ ಬರುತ್ತದೋ ಇಲ್ಲವೋ ಅನ್ನುವುದು ಹೊರನೋಟದಲ್ಲಿ ತಿಳಿಯುವುದಿಲ್ಲ. ಹರಿದಾಗ, ಸೋರಿದಾಗ, ಬಿರುಕು ಬಿಟ್ಟಾಗ ಅದನ್ನು ಬಿಚ್ಚಿ ಸರಿಮಾಡಿ ಮತ್ತೆ ಬಳಸಬಹುದಾ, ಸರಿಮಾಡುವವರು ಊರಿನಲ್ಲಿ ಸಿಗುತ್ತಾರಾ ಅನ್ನುವುದರಲ್ಲಿದೆ. ಇದನ್ನು ನಮಗೆ ಕಲಿಸಿದ್ದು ಯಾವ ಸೆಮಿನಾರೂ ಅಲ್ಲ. ತ್ಯಾಮಗೊಂಡ್ಲಿನ ಒಂದು ಮನೆ.

ಇಪ್ಪತ್ತೆರಡು ಸ್ಲೈಡು, ಒಂದು ಪ್ರಶ್ನೆ

ನಮ್ಮ ಗೆಳತಿಯ ಊರು ತ್ಯಾಮಗೊಂಡ್ಲು, ನೆಲಮಂಗಲ ತಾಲ್ಲೂಕು. ಒಂದು ಕಡೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಮಗ್ಗಗಳ ದೊಡ್ಡಬಳ್ಳಾಪುರ. ಬೆಂಗಳೂರು ಬೆಳೆದೂ ಬೆಳೆದೂ ಆ ಕಡೆಗೇ ಬರುತ್ತಿದೆ. ರಸ್ತೆ ಪಕ್ಕದ ರಾಗಿ ಹೊಲಗಳಲ್ಲಿ ಸೈಟಿನ ಬೋರ್ಡುಗಳು ಎದ್ದಿವೆ.

ಅವರ ಮನೆಯನ್ನು ಕಟ್ಟಿದ್ದು ಅವಳ ತಾತನ ಅಪ್ಪ. ಕೆಳಗೆ ಸೈಜುಗಲ್ಲಿನ ಪಾಯ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಮುಂದೆ ಎರಡು ಕಲ್ಲುಕಂಬದ ಜಗಲಿ, ಒಳಗೆ ಪಡಸಾಲೆ, ಮೇಲೆ ತೊಲೆ-ಜಂತೆಯ ಮೇಲೆ ಹೆಂಚು. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಳಿದು ಒಳಗೆ ಕಾಲಿಟ್ಟಾಗ ಫ್ಯಾನ್ ಹಾಕಿ ಅಂತ ಯಾರೂ ಕೇಳಲಿಲ್ಲ.

ಆ ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿತ್ತು. ಅವಳ ದೊಡ್ಡಪ್ಪ ಮೇಸ್ತ್ರಿಗೆ ಅಡ್ವಾನ್ಸೂ ಕೊಟ್ಟಿದ್ದರು. ಹಳೇದನ್ನು ಪೂರಾ ತೆಗೆದು, ಪಿಲ್ಲರ್ ಹಾಕಿ, ಮೇಲೆ ಮೋಲ್ಡ್ ಹಾಕಿಸಿ, ಎರಡು ಅಂತಸ್ತಿನ ಮನೆ. ವಿಷಯ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾವು ತಕ್ಷಣ ಹೀರೋಗಳಾದೆವು. "ನಾವು ಬಂದು ಒಪ್ಪಿಸ್ತೀವಿ ಬಿಡು" ಅಂದೆವು. ಸಿವಿಲ್ ಮೂರು ಜನ, ಮೆಕ್ಯಾನಿಕಲ್ ಒಬ್ಬ, ಅವಳು. ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಹೋದೆವು. ಇಪ್ಪತ್ತೆರಡು ಸ್ಲೈಡು. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟಿನ ಕ್ಲಿಂಕರ್ ಮಾಡುವುದು, ಜಗತ್ತಿನ ಇಂಗಾಲದ ಡೈ ಆಕ್ಸೈಡಿನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನದೇ ಎಂಬುದು, ಮಣ್ಣಿನ ಗೋಡೆ ಹಗಲಿನ ಕಾವನ್ನು ಒಳಗೆ ಬಿಡೋಕೆ ಗಂಟೆಗಟ್ಟಲೆ ತೆಗೆದುಕೊಳ್ಳುವುದು, ಎಲ್ಲ ಗ್ರಾಫ್ ಸಮೇತ.

ಮನೆಯವರು ಪೂರ್ತಿ ಕೇಳಿದರು. ಕಾಫಿ ಕೊಟ್ಟರು. ಆಮೇಲೆ ದೊಡ್ಡಪ್ಪ ಶುರು ಮಾಡಿದರು.

"ಎಲ್ಲಾ ಸರಿ ಕಣ್ರಪ್ಪಾ. ಕೋತಿ ಬಂದು ಹೆಂಚು ಒಡೀತವಲ್ಲ, ಮಳೆಗಾಲದಲ್ಲಿ ಮೇಲೆ ಹತ್ತಿ ಅದನ್ನ ಕೈಯಾಡ್ಸೋರು ಯಾರು? ಮೊದ್ಲು ಒಬ್ಬ ಬರ್ತಿದ್ದ, ಈಗ ಅವ್ನೂ ಇಲ್ಲ. ಅವ್ನ ಮಗ ಫ್ಯಾಕ್ಟರೀಲಿ ಶಿಫ್ಟ್ ಮಾಡ್ತಾನೆ. ಮಣ್ಣಿನ ಗೋಡೆಗೆ ಸಾಲ ಕೊಡಿ ಅಂತ ಬ್ಯಾಂಕಲ್ಲಿ ಕೇಳಿದ್ರೆ ಮುಖ ನೋಡ್ತಾರೆ. ನಮ್ಮ ಹುಡುಗನಿಗೆ ಹೆಣ್ಣು ಕೊಡೋಕೆ ಬಂದೋರು ಜಗಲೀಲೇ ಕೂತ್ಕೊಂಡು 'ಮನೆ ಯಾವಾಗ ಕಟ್ಟಿಸ್ತೀರಾ' ಅಂದ್ರು. ಇದಕ್ಕೆ ಯಾವ ಸ್ಲೈಡ್ ಹಾಕ್ತೀರಾ?"

ನಾವು ಸ್ಲೈಡ್ ಹಿಂದಕ್ಕೂ ಮುಂದಕ್ಕೂ ಓಡಿಸಿದೆವು. ಕೋತಿಯ ಬಗ್ಗೆ ಒಂದೂ ಇರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಅಜ್ಜಿ ಬಹಳ ಮೆತ್ತಗೆ ಕೇಳಿದರು: "ನಿಮ್ಮಲ್ಲಿ ಎಷ್ಟು ಜನ ಮಣ್ಣಿನ ಮನೇಲಿದೀರಾ ಮಕ್ಳಾ?"

ಒಬ್ಬರೂ ಇರಲಿಲ್ಲ. ನಾವೆಲ್ಲ ಮೋಲ್ಡ್ ಮನೆಗಳಲ್ಲಿ ಹುಟ್ಟಿ ಬೆಳೆದವರು. ಇರುವವರ ಬದುಕಿಗೆ ನಾವು ಇರದ ಮನೆಯನ್ನು ಶಿಫಾರಸು ಮಾಡೋಕೆ ಹೋಗಿದ್ದೆವು. ಬೇರೆಯವರ ಮನೆಯ ಹಳೇತನ ನಮ್ಮ ಫೋಟೋಗೆ ಚೆಂದ. ಅದರ ಸೋರಿಕೆ ಮಾತ್ರ ಅವರ ತಲೆ ಮೇಲೆ.

ಗೋಡೆಯ ಒಳಹೊಲಿಗೆ

ವಾಪಸ್ ಹೊರಡುವ ಹೊತ್ತಿಗೆ ನೋಡಿದರೆ ನಮ್ಮ ಗೆಳತಿ ಹಿತ್ತಲಿನ ಗೋಡೆ ಹತ್ತಿರ ಕೂತು ಬೆರಳಿನಲ್ಲಿ ತಟ್ಟುತ್ತಿದ್ದಳು. ಸೊಂಟದೆತ್ತರದವರೆಗೆ ಸಿಮೆಂಟ್ ಪ್ಲಾಸ್ಟರ್ ಇತ್ತು. ಅದರ ಮೇಲೆ ಬರೀ ಮಣ್ಣು, ಸುಣ್ಣ. ತಟ್ಟಿದರೆ ಕೆಳಗೆ ಡಬ್ ಡಬ್ ಅನ್ನುವ ಪೊಳ್ಳು ಸದ್ದು, ಮೇಲೆ ಗಟ್ಟಿ ಸದ್ದು. ಒಂದು ಕಡೆ ಪ್ಲಾಸ್ಟರ್ ಬಿಟ್ಟುಕೊಂಡಿತ್ತು. ಅವಳು ಅದನ್ನು ಎಳೆದಳು. ಹಿಂದಿನ ಮಣ್ಣು ಒದ್ದೆಯಾಗಿ, ಪುಡಿಪುಡಿಯಾಗಿ ಕೆಳಗೆ ಸುರಿಯಿತು. ಅದರ ಮೇಲಿನ ಗೋಡೆ, ಅಂದರೆ ಯಾರೂ ಏನೂ ಮಾಡದೆ ಬಿಟ್ಟಿದ್ದ ಗೋಡೆ, ಮೊಳೆ ಹೊಡೆದರೂ ಇಳಿಯದಷ್ಟು ಗಟ್ಟಿ.

"ಕುರ್ತಾ ತಿರುಗಿಸಿ ನೋಡೋ ಹಾಗೇನೇ ಇದು" ಅಂದಳು.

ಕಥೆ ಹೀಗಿತ್ತು. ಮುಂದಿನ ರಸ್ತೆಗೆ ಡಾಂಬರು, ಆಮೇಲೆ ಕಾಂಕ್ರೀಟು ಅಂತ ಸಲಸಲಕ್ಕೂ ಹಾಕಿ ರಸ್ತೆ ಮೇಲೆದ್ದಿದೆ, ಮನೆ ಅಲ್ಲೇ ಇದೆ. ಮೊದಲು ಜಗಲಿಯಿಂದ ಹರಿದುಹೋಗುತ್ತಿದ್ದ ನೀರು ಈಗ ಪಾಯಕ್ಕೆ ಬರುತ್ತದೆ. ಗೋಡೆ ಒದ್ದೆಯಾಯಿತು. ಒದ್ದೆ ತಡೆಯೋಕೆ ಅಂತ ಯಾರೋ ಸಿಮೆಂಟ್ ಬಳಿದರು. ಮಣ್ಣಿನ ಗೋಡೆ ಕೆಳಗಿನಿಂದ ಸ್ವಲ್ಪ ನೀರು ಹೀರಿದರೂ ಎರಡೂ ಮೈಯಿಂದ ಅದನ್ನು ಗಾಳಿಗೆ ಬಿಟ್ಟು ಒಣಗುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟ್ ದಾರಿ ಮುಚ್ಚುತ್ತದೆ. ಹೊರಗೆ ಬರಲಾಗದ ನೀರು ಒಳಗೇ ನಿಂತು ಮಣ್ಣನ್ನು ಕೊಳೆಸುತ್ತದೆ. ಇಷ್ಟು ವರ್ಷ ಮನೆಯವರು "ಮಣ್ಣಿನ ಗೋಡೆ ಇಷ್ಟೇ ಬಿಡಿ" ಎಂದು ಮಣ್ಣನ್ನು ಬೈದಿದ್ದರು. ಬೈಸಿಕೊಳ್ಳಬೇಕಾದದ್ದು ಮಣ್ಣಲ್ಲ, ಮಾಡಿದ ರಿಪೇರಿ.

ಇಲ್ಲಿ ನಮಗೆ ನಾಚಿಕೆಯಾಗಿದ್ದು ಇನ್ನೊಂದು ಕಾರಣಕ್ಕೆ. ನಾವು ಮೂವರು ಸಿವಿಲ್ ವಿದ್ಯಾರ್ಥಿಗಳು. ಆರು ಸೆಮಿಸ್ಟರ್ ಮುಗಿಸಿದ್ದೇವೆ. ಎಂ20, ಎಂ25 ಮಿಕ್ಸ್ ಡಿಸೈನ್ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇವೆ. ಒಂದು ಮಣ್ಣಿನ ಗೋಡೆ ಯಾಕೆ ಹಾಳಾಗುತ್ತೆ ಅನ್ನುವುದು ನಮಗೆ ಹೊಳೆಯಲಿಲ್ಲ. ಬಟ್ಟೆಯ ಒಳಮಗ್ಗುಲು ನೋಡಿ ರೂಢಿಯಿದ್ದ ಹುಡುಗಿಗೆ ಹೊಳೆಯಿತು.

ಇದೆಲ್ಲ ನಮ್ಮ ಹತ್ತಿರವೇ ಇತ್ತು

ಆ ವಾರ ಲೈಬ್ರರಿಯಲ್ಲಿ ಕೂತು ಹುಡುಕಿದಾಗ ನಮಗೆ ಇನ್ನೊಂದು ಸತ್ಯ ಗೊತ್ತಾಯಿತು. ಮಣ್ಣಿನ ಮನೆಯ ವಿಜ್ಞಾನ ಯಾವುದೋ ಫಾರಿನ್ ಟ್ರೆಂಡ್ ಅಲ್ಲ. ಅದರ ದೊಡ್ಡ ಕೆಲಸ ನಡೆದದ್ದು ಬೆಂಗಳೂರಿನಲ್ಲೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಶುರುವಾಯಿತು. ಹಳ್ಳಿಗಳಿಗೆ ವಿಜ್ಞಾನ-ತಂತ್ರಜ್ಞಾನವನ್ನು ಒಗ್ಗಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಹಳೇ ತಲೆಮಾರಿನವರಿಗೆ ನೆನಪಿರುವ, ಹೊಗೆ ಕಡಿಮೆ ಮಾಡುವ 'ಅಸ್ತ್ರ ಒಲೆ' ಬಂದದ್ದು ಅಲ್ಲಿಂದಲೇ. ಪ್ರೊ. ಕೆ. ಎಸ್. ಜಗದೀಶ್, ಪ್ರೊ. ಬಿ. ವಿ. ವೆಂಕಟರಾಮ ರೆಡ್ಡಿ ಮುಂತಾದವರು ವರ್ಷಾನುಗಟ್ಟಲೆ ಮಣ್ಣಿನ ಒತ್ತುಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಅಸ್ತ್ರ ಈಗ ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ.

ಒತ್ತುಇಟ್ಟಿಗೆಯ ಲೆಕ್ಕ ಸರಳ. ಮರಳು ಜಾಸ್ತಿ ಇರುವ ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಸೇರಿಸಿ, ಹದವಾಗಿ ನೀರು ಚಿಮುಕಿಸಿ, ಕೈಪ್ರೆಸ್ಸಿನಲ್ಲಿ ಒತ್ತಿ ತೆಗೆದು, ಮೂರು ನಾಲ್ಕು ವಾರ ಒದ್ದೆಯಾಗಿಟ್ಟು ಕ್ಯೂರ್ ಮಾಡುವುದು. ಗೂಡಿಲ್ಲ, ಸೌದೆಯಿಲ್ಲ. ನಮ್ಮ ಕಡೆಯ ಕೆಂಪುಮಣ್ಣು ಇದಕ್ಕೆ ಒಗ್ಗುತ್ತದೆ, ಅದರ ಜೇಡಿ ನೀರು ಬಿದ್ದರೆ ಹೆಚ್ಚು ಉಬ್ಬುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣಿನ ಜೇಡಿ ಹಾಗಲ್ಲ, ಉಬ್ಬಿ ಕುಗ್ಗುತ್ತದೆ. ಅದಕ್ಕೆ ಸುಣ್ಣ ಬೇಕು. ನಿಮ್ಮ ಊರಿನ ಮಣ್ಣು ಹೇಗಿದೆ ಅಂತ ನೋಡೋಕೆ ಲ್ಯಾಬೂ ಬೇಡ. ಒಂದು ಉಪ್ಪಿನಕಾಯಿ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಗೋಡು ಆಮೇಲೆ, ಜೇಡಿ ಮಾರನೇ ದಿನದವರೆಗೂ ಮೇಲೆ ತೇಲುತ್ತಿರುತ್ತದೆ. ಪಟ್ಟಿಗಳನ್ನು ಸ್ಕೇಲಿನಲ್ಲಿ ಅಳೆದರೆ ಅಂದಾಜು ಸಿಕ್ಕಿತು. ಹಾಸ್ಟೆಲ್ಲಿನ ಕಿಟಕಿಯಲ್ಲಿ ನಾವು ಐದು ಬಾಟಲಿ ಇಟ್ಟಿದ್ದೆವು. ವಾರ್ಡನ್ ಬಂದು ಏನೋ ಕಾಯಿಸ್ತಿದ್ದಾರೆ ಅಂದುಕೊಂಡರು, ಅದು ಬೇರೆ ಕಥೆ.

ಲಾರಿ ಬೇಕರ್ ಹೆಸರನ್ನು ಸಿವಿಲ್‌ನವರು ಕೇಳಿಯೇ ಇರುತ್ತೀರಿ. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ತಿರುವನಂತಪುರದವರಾಗಿ 2007ರಲ್ಲಿ ತೀರಿಕೊಂಡರು. ಮನೆಯ ಸಾಮಾನು ಐದು ಮೈಲಿ ಸುತ್ತಳತೆಯೊಳಗೆ ಸಿಗುವಂಥದ್ದಾಗಿರಲಿ ಎಂಬ ಗಾಂಧೀಜಿಯ ಮಾತು ತಮ್ಮನ್ನು ಹಿಡಿದಿಟ್ಟಿತೆಂದು ಅವರು ಹೇಳುತ್ತಿದ್ದರು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ 'ರ‍್ಯಾಟ್ ಟ್ರ್ಯಾಪ್' ಗೋಡೆಗೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ಇನ್ನು 'ಫಿಲ್ಲರ್ ಸ್ಲ್ಯಾಬ್' ನಮ್ಮ ಪಠ್ಯದ್ದೇ ವಿಷಯ. ಸ್ಲ್ಯಾಬಿನಲ್ಲಿ ನ್ಯೂಟ್ರಲ್ ಆಕ್ಸಿಸ್‌ಗಿಂತ ಕೆಳಗಿನ ಕಾಂಕ್ರೀಟು ಎಳೆತ ತಡೆಯುವುದಿಲ್ಲ, ಆ ಕೆಲಸ ಕಂಬಿಯದು. ಹಾಗಿದ್ದರೆ ಅಲ್ಲಿ ಕಂಬಿಗಳ ನಡುವೆ ಹಳೇ ಮಂಗಳೂರು ಹೆಂಚು ಇಟ್ಟರೆ ಅಷ್ಟು ಕಾಂಕ್ರೀಟು ಉಳಿಯಿತು. ಪರೀಕ್ಷೆಯಲ್ಲಿ ನ್ಯೂಟ್ರಲ್ ಆಕ್ಸಿಸ್ ಕಂಡುಹಿಡಿದು ಮಾರ್ಕ್ಸ್ ತಗೊಂಡಿದ್ದೇವೆ. ಅದರ ಕೆಳಗೆ ಒಂದು ಹೆಂಚು ಇಡಬಹುದು ಅಂತ ಯೋಚಿಸಿರಲಿಲ್ಲ.

ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮವಿದೆ. ಜೆರಾರ್ಡ್ ಡ ಕುನ್ಹ ಅವರ ವಿನ್ಯಾಸ, ಮಣ್ಣು ಮತ್ತು ಕಲ್ಲಿನ ಕಟ್ಟಡಗಳು. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ದಶಕಗಳಿಂದ ಮಣ್ಣಿನ ಮನೆಗಳನ್ನು ಕಟ್ಟಿಸುತ್ತಿದ್ದಾರೆ, ಸ್ವಂತ ಮನೆಯೂ ಮಣ್ಣಿನದೇ. ಮಳೆಗೆ ನಿಲ್ಲುತ್ತವಾ ಅನ್ನುವ ಪ್ರಶ್ನೆಗೆ ಇವೆಲ್ಲ ನಿಂತೇ ಉತ್ತರ ಕೊಡುತ್ತಿವೆ.

ಆದರೆ ದೊಡ್ಡಪ್ಪನ ಪ್ರಶ್ನೆ ಅದಲ್ಲ. "ಅವರೆಲ್ಲ ದುಡ್ಡಿರೋರು, ಓದಿದೋರು, ಇಷ್ಟಪಟ್ಟು ಕಟ್ಟಿಸ್ಕೊಂಡೋರು" ಅನ್ನುತ್ತಾರೆ ಅವರು. ಅದಕ್ಕೆ ಹತ್ತಿರದ ಉತ್ತರ ನಮಗೆ ಸಿಕ್ಕಿದ್ದು ಬಲು ದೂರದಲ್ಲಿ, ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ. ಅಲ್ಲಿನ ಗಾಂಡೋ ಎಂಬ ಹಳ್ಳಿಯ ಹುಡುಗ ಡಿಯೆಬೆಡೊ ಫ್ರಾನ್ಸಿಸ್ ಕೆರೆ. ಹೆಸರು ನಮ್ಮ ಊರ ಕೆರೆಯ ಹಾಗೇ ಇದೆ ನೋಡಿ. ಊರಲ್ಲಿ ಶಾಲೆಯಿರಲಿಲ್ಲ. ಜರ್ಮನಿಗೆ ಹೋಗಿ ಆರ್ಕಿಟೆಕ್ಚರ್ ಓದುವಾಗಲೇ ದುಡ್ಡು ಕೂಡಿಸಿ ಊರಿಗೊಂದು ಶಾಲೆ ಕಟ್ಟಿಸಿದ. 2001ರಲ್ಲಿ ಮುಗಿಯಿತು. ಮಣ್ಣಿನ ಶಾಲೆ ಅಂದಾಗ ಮೊದಲು ಬೇಡವೆಂದದ್ದು ಊರಿನವರೇ. ಮಣ್ಣಿನ ಗೋಡೆ ಮಳೆಗೆ ಬೀಳುವುದನ್ನು ಅವರು ಪ್ರತಿ ವರ್ಷ ನೋಡಿದವರು. ಅವನು ವಾದ ಮಾಡಲಿಲ್ಲ. ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆ ಮಾಡಿ ತೋರಿಸಿದ, ಗೋಡೆಯ ಮೇಲೆ ಅಗಲವಾಗಿ ಚಾಚಿದ ಶೀಟಿನ ಮಾಡನ್ನು ಎತ್ತರಿಸಿ ನಿಲ್ಲಿಸಿದ, ಕಟ್ಟುವುದನ್ನು ಊರಿನವರಿಗೇ ಕಲಿಸಿದ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮಗೆ ಮುಖ್ಯ ಅನ್ನಿಸಿದ್ದು ಪ್ರಶಸ್ತಿಯಲ್ಲ. ಊರಿನವರ ಅನುಮಾನವನ್ನು ದಡ್ಡತನ ಅಂತ ತಳ್ಳಿಹಾಕದೆ, ಅದಕ್ಕೊಂದು ಮಾಡು ಕಟ್ಟಿದ್ದು.

ಬಟ್ಟೆಯ ಲೆಕ್ಕವೂ ಇದೇ

ಮತ್ತೆ ಕುರ್ತಾಗೆ ಬರೋಣ. ತ್ಯಾಮಗೊಂಡ್ಲಿನಿಂದ ದೊಡ್ಡಬಳ್ಳಾಪುರಕ್ಕೆ ಹೋದರೆ ಬೀದಿಬೀದಿಯಲ್ಲಿ ವಿದ್ಯುತ್ ಮಗ್ಗದ ಸದ್ದು. ನಮ್ಮ ಗೆಳತಿಯ ಅಮ್ಮನ ಮದುವೆ ಸೀರೆ ಅಲ್ಲಿಯದೇ. ಆ ಸೀರೆ ಮೂರು ಸಲ ಬೇರೆ ಬೇರೆ ಆಗಿದೆ: ಮೊದಲು ಸೀರೆ, ಆಮೇಲೆ ಇವಳಿಗೆ ಲಂಗ, ಈಗ ಜಾಕೆಟ್ಟಿನ ಅಂಚು. ಉತ್ತರ ಕರ್ನಾಟಕದ ಗೆಳೆಯರ ಮನೆಗಳಲ್ಲಿ ಹಳೇ ಸೀರೆ-ಧೋತರ ಸೇರಿ ಕೌದಿಯಾಗುತ್ತವೆ. ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ನೂಲಿಗೆ ಸೆರಗಿನ ಹಾಸಿನ ನೂಲನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವ 'ಕೊಂಡಿ' ಇದೆ. ಅದನ್ನು ಕಂಡು ಸ್ಟೀಲ್ ಜಾಯಿಂಟ್ ಓದುವ ನಾವು ಬೆರಗಾದೆವು. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1996ರಲ್ಲಿ ಶುರುಮಾಡಿದ 'ಚರಕ'ದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದಲ್ಲಿ ನೂಲದ್ದಿ ಕೈಮಗ್ಗದಲ್ಲಿ ನೇಯುತ್ತಾರೆ.

ಇದರ ಎದುರು ನಮ್ಮ ಬೀರು ತೆಗೆದು ನೋಡಿ. ಈಗ ಜಗತ್ತಿನಲ್ಲಿ ತಯಾರಾಗುವ ಬಟ್ಟೆಯ ನಾರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂ. ಫೆಸ್ಟಿಗೆಂದು ಹೊಲಿಸುವ ಟೀಶರ್ಟನ್ನೇ ತಗೊಳ್ಳಿ. ಪ್ರತಿ ಬ್ರಾಂಚಿಗೆ ಬೇರೆ, ಪ್ರತಿ ವರ್ಷಕ್ಕೆ ಬೇರೆ, ಅದರಲ್ಲೂ ಎದೆ ಮೇಲೆ 'ಸೇವ್ ಅರ್ಥ್'. ಎರಡು ಸಲ ಹಾಕಿ ಮೂರನೇ ಸಲ ಬೈಕ್ ಒರೆಸುತ್ತೇವೆ.

ಹಾಗಂತ ಎಲ್ಲರೂ ಕೈಮಗ್ಗ ಹಾಕಿ ಅಂತ ಉಪದೇಶ ಮಾಡೋಕೆ ನಾವು ಬಂದಿಲ್ಲ. ಕೈಮಗ್ಗದ ಅಂಗಿಯ ದುಡ್ಡಲ್ಲಿ ಅರ್ಧ ತಿಂಗಳ ಮೆಸ್ ಬಿಲ್ ಕಟ್ಟಬಹುದು, ಗೊತ್ತು. ಸಂತೆಯಲ್ಲಿ ಕೊಂಡ ಇನ್ನೂರು ರೂಪಾಯಿ ಅಂಗಿಯೂ ನಡೆಯುತ್ತದೆ, ಗುಂಡಿ ಕಿತ್ತರೆ ಹಾಕಿಕೊಂಡು, ಕಂಕುಳ ಬಿಟ್ಟರೆ ಹೊಲಿಸಿಕೊಂಡು ನಾಲ್ಕು ವರ್ಷ ಹಾಕುವುದಾದರೆ. ಹಾಸ್ಟೆಲ್ ಗೇಟಿನ ಎದುರು ಮಷಿನ್ ಇಟ್ಟುಕೊಂಡು ಕೂತಿರುವ ಟೈಲರಣ್ಣನಿಗಿಂತ ದೊಡ್ಡ ಸಸ್ಟೈನಬಿಲಿಟಿ ಕನ್ಸಲ್ಟೆಂಟ್ ನಮ್ಮ ಕ್ಯಾಂಪಸ್ಸಿಗೆ ಇನ್ನೊಬ್ಬ ಇಲ್ಲ. ನಮ್ಮ ಗೆಳತಿಗೆ ಈ ದಿನನಿತ್ಯದ ಹುಚ್ಚು ಇದ್ದದ್ದರಿಂದಲೇ ಅವಳು ಮನೆಯನ್ನೂ ಬಟ್ಟೆಯ ಹಾಗೆ ತಿರುಗಿಸಿ ನೋಡಿದಳು. ಹವ್ಯಾಸ ಬೇರೆ, ಓದು ಬೇರೆ ಅಂತ ನಾವು ಗೆರೆ ಎಳೆದುಕೊಂಡಿದ್ದೇವೆ. ಅವಳು ಎಳೆದುಕೊಂಡಿರಲಿಲ್ಲ.

ಕಾಂಕ್ರೀಟು ವೈರಿಯಲ್ಲ

"ಹಾಗಾದ್ರೆ ಎಲ್ಲರೂ ಮಣ್ಣಿನ ಮನೆ ಕಟ್ಟಬೇಕಾ?" ಅಂತ ಕೇಳುವವರು ಇದ್ದೇ ಇದ್ದೀರಿ. ಇಲ್ಲ. ನಮ್ಮ ಆರು ಅಂತಸ್ತಿನ ಹಾಸ್ಟೆಲ್ಲು ಕಾಂಕ್ರೀಟಿಲ್ಲದೆ ಏಳುತ್ತಿರಲಿಲ್ಲ. ಬಚ್ಚಲುಮನೆ, ನೀರಿನ ಟ್ಯಾಂಕು, ಚರಂಡಿಗೆ ಅದೇ ಸರಿ. ಮಂಡಿನೋವಿನ ಅಜ್ಜಿಗೆ ರಾತ್ರಿ ಹಿತ್ತಲಿಗೆ ಹೋಗುವುದು ತಪ್ಪಬೇಕು, ಮಲಗುವ ಕೋಣೆಯ ಪಕ್ಕದಲ್ಲೇ ಟೈಲ್ಸ್ ಹಾಕಿದ ಬಚ್ಚಲು ಬೇಕು. ಪರಂಪರೆಯ ಹೆಸರಿನಲ್ಲಿ ಅದನ್ನು ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ.

ನಾವು ಕೇಳುವುದು ಇಷ್ಟು: ಎಲ್ಲಿ ಬೇಕೋ ಅಲ್ಲಿ ಹಾಕಿ. ಬೇಡದ ಕಡೆ ಬರೀ ಮರ್ಯಾದೆಗೆಂದು ಹಾಕಬೇಡಿ. ಮತ್ತೆ ಕೆಡವುವ ಮುಂಚೆ ಒಂದು ಸಲ ತಟ್ಟಿ ನೋಡಿ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯನ್ನು ಬಿಡಿಸಿ ಕೆರೆದು ಮತ್ತೆ ಬಳಸಬಹುದು. ಸಿಮೆಂಟಿನದನ್ನು ಬಿಡಿಸಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಮಣ್ಣಿನ ಗೋಡೆ ಕೆಡವಿದರೆ ಮತ್ತೆ ಮಣ್ಣೇ. ಕಾಂಕ್ರೀಟ್ ಕೆಡವಿದರೆ ಅದನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಯಾವುದಾದರೂ ಕೆರೆ ಅಂಗಳಕ್ಕೆ ರಾತ್ರೋರಾತ್ರಿ ಸುರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಒಳಗೆ ಬಟ್ಟೆ ಬಿಡದ ಹೊಲಿಗೆ ಅಂದರೆ ಇದೇ.

ಕೊನೆಗೆ ಏನಾಯಿತು

ಎರಡನೇ ಸಲ ಹೋದಾಗ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಟೇಪು, ಸುತ್ತಿಗೆ, ಒಂದು ನೋಟ್‌ಬುಕ್ಕು ಒಯ್ದೆವು. ಯಾವ ಗೋಡೆ ಗಟ್ಟಿ, ಯಾವುದು ಪೊಳ್ಳು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಹಿಂದಿನ ಎರಡು ಗೋಡೆ ನಿಜವಾಗಿಯೂ ಉಳಿಯುವಂತಿರಲಿಲ್ಲ, ತೊಲೆಗೆ ಗೆದ್ದಲು ಹಿಡಿದಿತ್ತು. ಅದನ್ನೂ ಹಾಗೇ ಹೇಳಿದೆವು. ನಾವು "ಇದು ಹೋಗ್ಲೇಬೇಕು ದೊಡ್ಡಪ್ಪ" ಅಂದಾಗಲೇ ಅವರು ನಮ್ಮ ಮಾತನ್ನು ಮೊದಲ ಸಲ ಗಮನ ಕೊಟ್ಟು ಕೇಳಿದ್ದು ಅನ್ನಿಸುತ್ತದೆ.

ಮನೆಯವರ ತೀರ್ಮಾನ ಇದು. ಹಿಂದಿನ ಅರ್ಧ ಹೋಯಿತು. ಅಲ್ಲಿ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಮೇಲೆ ಮೋಲ್ಡ್. ಮುಂದಿನ ಜಗಲಿ, ಪಡಸಾಲೆ ಉಳಿದವು. ಸಿಮೆಂಟ್ ಪ್ಲಾಸ್ಟರ್ ಕಿತ್ತು, ಪುಡಿಯಾದ ಕಡೆ ಮಣ್ಣು ತುಂಬಿ, ಸುಣ್ಣದ ಗಾರೆ ಹಚ್ಚಿಸಿದರು. ಮುಂದೆ ರಸ್ತೆ ನೀರು ತಿರುಗಿಸೋಕೆ ಒಂದು ಸಣ್ಣ ಕಾಲುವೆ. ಹಿಂದಿನ ಭಾಗದಲ್ಲಿ ತೆಗೆದ ಗಟ್ಟಿ ಹೆಂಚನ್ನೆಲ್ಲ ಮುಂದಿನ ಮಾಡಿಗೆ ಕೈಯಾಡಿಸಿದರು. ಕೋತಿಗೆ? ಹೆಂಚಿನ ಮೇಲೆ ಕಬ್ಬಿಣದ ಜಾಲರಿ. ನೋಡೋಕೆ ಚೆಂದವಿಲ್ಲ, ಯಾವ ಮ್ಯಾಗಜೀನಿನ ಫೋಟೋಗೂ ಬರುವುದಿಲ್ಲ. ಹೆಂಚು ಮಾತ್ರ ಉಳಿದಿದೆ.

ಕೆಡವಿದ ಗೋಡೆಯ ಮಣ್ಣನ್ನು ಜರಡಿ ಹಿಡಿದು, ಒಂದು ಹಳೇ ಕೈಪ್ರೆಸ್ ಹೊಂದಿಸಿಕೊಂಡು, ಕಾಂಪೌಂಡಿಗೆ ನಾವೇ ಇಟ್ಟಿಗೆ ಒತ್ತಿದೆವು. ಮೊದಲ ಸುತ್ತಿನದು ಪೂರ್ತಿ ಹಾಳು. ಒತ್ತಿ ಬಿಸಿಲಲ್ಲಿ ಬಿಟ್ಟು ಇಂಟರ್ನಲ್ಸ್‌ಗೆ ಓಡಿ ಬಂದಿದ್ದೆವು, ನೀರು ಕಾಣದೆ ಬಿರುಕು ಬಿಟ್ಟವು. ಕ್ಯೂರಿಂಗ್ ಬಗ್ಗೆ ಎರಡು ಪುಟ ಉತ್ತರ ಬರೆದು ಬಂದ ದಿನವೇ ಅದು! ಎರಡನೇ ಸುತ್ತಿಗೆ ಅಜ್ಜಿಯೇ ಮೇಲ್ವಿಚಾರಕಿ. ಒದ್ದೆ ಗೋಣಿ ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿ, ಬೀದಿ ಮಕ್ಕಳು ಹತ್ತದಂತೆ ಕಾದರು. ಆ ಇಟ್ಟಿಗೆ ನಿಂತವು.

ನಾವೇನೋ ಮನೆ ಉಳಿಸಿಬಿಟ್ಟೆವು ಅಂತ ಹೇಳಿಕೊಳ್ಳುತ್ತಿಲ್ಲ. ಅರ್ಧ ಮನೆ ಹೋಗಿದೆ. ಅದೇ ಬೀದಿಯಲ್ಲಿ ಇನ್ನೆರಡು ಹಳೇ ಮನೆಗಳು ನಾವು ಓಡಾಡುತ್ತಿದ್ದ ಹೊತ್ತಿನಲ್ಲೇ ನೆಲಸಮವಾದವು. ಅವುಗಳ ಗೋಡೆಯನ್ನು ಯಾರೂ ತಟ್ಟಿ ನೋಡಲಿಲ್ಲ.

ನಾವು ಇಲ್ಲಿ ಮಾಡಬಹುದಾದ್ದು

ಓದುವವರಲ್ಲಿ ಮುಕ್ಕಾಲು ಪಾಲು ಯಾವುದಾದರೂ ಊರಿನಿಂದ ಬಂದವರೇ. ರಜೆಗೆ ಹೋಗುತ್ತೀರಿ. ಹೋದಾಗ ಮೂರು ಕೆಲಸ ಮಾಡಿ.

ಒಂದು, ನಿಮ್ಮ ಊರಿನ ಒಂದು ಹಳೇ ಮನೆಯನ್ನು ಅಳೆದು ಬರೆದುಕೊಂಡು ಬನ್ನಿ: ಗೋಡೆ ದಪ್ಪ, ಮಣ್ಣು, ಮಾಡು, ಎಲ್ಲಿ ಸೋರುತ್ತೆ, ಯಾಕೆ ಸೋರುತ್ತೆ. ಜೊತೆಗೆ ಮನೆಯವರ ದೂರನ್ನೂ ಬರೆದುಕೊಳ್ಳಿ. ಗೋಡೆಗಿಂತ ಅದು ಮುಖ್ಯ.

ಎರಡು, ಫೈನಲ್ ಇಯರ್ ಪ್ರಾಜೆಕ್ಟ್. ಪ್ರತಿ ವರ್ಷ ಹಾರುಬೂದಿ ಹಾಕಿದ ಕಾಂಕ್ರೀಟ್ ಕ್ಯೂಬ್ ಒಡೆದು ಅದೇ ರಿಪೋರ್ಟನ್ನು ಬೈಂಡ್ ಮಾಡಿಸುವ ಬದಲು ಕೋತಿ ಮುರಿಯದ ಹೆಂಚಿನ ಮಾಡು ಹೇಗೆ ಅನ್ನುವುದನ್ನು ತಗೊಳ್ಳಿ. ಮೆಕ್ಯಾನಿಕಲ್‌ನವರಿಗೆ ಒಬ್ಬರೇ ಒತ್ತಬಲ್ಲ ಕೈಪ್ರೆಸ್ ಇದೆ. ಕಂಪ್ಯೂಟರ್ ಸೈನ್ಸ್‌ನವರಿಗೆ ತಾಲ್ಲೂಕಿನಲ್ಲಿ ಉಳಿದಿರುವ ಸುಣ್ಣದ ಗಾರೆಯವರು, ಹೆಂಚು ಕೈಯಾಡಿಸುವವರ ಪಟ್ಟಿ ಮಾಡುವ ಕೆಲಸವಿದೆ. ದೊಡ್ಡಪ್ಪ ಕೇಳಿದ "ಯಾರು ಬರ್ತಾರೆ" ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ಎಂಥ ವಿನ್ಯಾಸವೂ ಊರಿನಲ್ಲಿ ನಿಲ್ಲುವುದಿಲ್ಲ.

ಮೂರು, ಎಸ್ಟಿಮೇಟ್ ಬರೆಯುವಾಗ ಕಟ್ಟುವ ಖರ್ಚಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಹತ್ತು ವರ್ಷದ ಮೇಲೆ ಇದನ್ನು ರಿಪೇರಿ ಮಾಡೋಕೆ ಎಷ್ಟು, ಮಾಡುವವರು ಯಾರು. ನಮ್ಮ ಯಾವ ಪಠ್ಯದಲ್ಲೂ ಈ ಸಾಲನ್ನು ನಾವು ಕಂಡಿಲ್ಲ. ನಾವೇ ಬರೆಯಲು ಶುರುಮಾಡೋಣ.

ಈ ಸಲದ ಫೆಸ್ಟಿಗೆ ಕನ್ನಡ ಸಂಘದಿಂದ ಹೊಸ ಟೀಶರ್ಟ್ ಇಲ್ಲ ಅಂತ ಸಭೆಯಲ್ಲಿ ಒಪ್ಪಿಸಿದ್ದೇವೆ. ಬದಲಿಗೆ ಗೇಟಿನೆದುರಿನ ಟೈಲರಣ್ಣ ಒಂದು ದಿನ ನಮ್ಮ ಸ್ಟಾಲಿನಲ್ಲಿ ಕೂರುತ್ತಾರೆ. ಹರಿದದ್ದು, ಬಿಟ್ಟದ್ದು, ಟೈಟಾದದ್ದು ಏನಿದ್ದರೂ ತನ್ನಿ. ಕೂಲಿ ಅವರಿಗೆ ಕೊಡಿ. ಪಕ್ಕದಲ್ಲೇ ತ್ಯಾಮಗೊಂಡ್ಲಿನ ಒಂದು ಇಟ್ಟಿಗೆ ಇಟ್ಟಿರುತ್ತೇವೆ, ಬಿರುಕು ಬಿಟ್ಟ ಮೊದಲ ಸುತ್ತಿನದೂ ಒಂದು ಇರುತ್ತದೆ. ಎತ್ತಿ ನೋಡಿ, ತಟ್ಟಿ ನೋಡಿ. ನಮ್ಮ ಗೆಳತಿಯೂ ಅಲ್ಲೇ ಇರುತ್ತಾಳೆ. ಅವಳು ಬಂದು ನಿಮ್ಮ ಅಂಗಿಯ ತೋಳನ್ನು ತಿರುಗಿಸಿ ಒಳಹೊಲಿಗೆ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ನಮಗೂ ಈಗ ಅದೇ ಚಟ ಹತ್ತಿದೆ.